ಕವರಿನ ಮೇಲಿನ ಹೆಸರಿಗೂ ಪಹಣಿ ಬೇಕು

ನಮ್ಮ ಕಡೆ ಕುರಿ ಸಾಕುವವರು ಗುರುತು ಹಾಕದೆ ಕುರಿಯನ್ನು ಹಿಂಡಿಗೆ ಬಿಡುವುದಿಲ್ಲ. ಒಬ್ಬರು ಕಿವಿ ಸೀಳುತ್ತಾರೆ, ಇನ್ನೊಬ್ಬರು ಬೆನ್ನಿಗೆ ಬಣ್ಣ ಬಳಿಯುತ್ತಾರೆ. ನಾಲ್ಕು ಹಿಂಡು ಒಂದೇ ಕೆರೆಯಂಗಳದಲ್ಲಿ ಕಲೆತರೂ ಸಂಜೆ ಯಾರ ಕುರಿ ಯಾರದು ಅಂತ ಜಗಳ ಇಲ್ಲ. ಇಷ್ಟು ತಿಳಿದ ನಾವು, ಬೆಳೆದ ಮಾಲಿಗೆ ಕವರು ಮಾಡಿಸಿ ಹೆಸರಿಟ್ಟು ಪೇಟೆಗೆ ಬಿಡುವಾಗ ಮಾತ್ರ ಆ ಹೆಸರು ಯಾರದು ಅಂತ ಎಲ್ಲೂ ಬರೆಸುವುದಿಲ್ಲ.

ಹದಿನೈದು ಇಪ್ಪತ್ತು ವರ್ಷದ ಹಿಂದೆ ಮಳೆ ನಂಬಿದ ರೈತರಿಗೆ ಈ ಮಾತೇ ಬೇಕಿರಲಿಲ್ಲ. ಶೇಂಗಾ ಕಿತ್ತು, ಒಣಗಿಸಿ, ಚೀಲ ತುಂಬಿ ಮಂಡಿಗೆ ಹಾಕಿದರೆ ಅಲ್ಲಿಗೆ ನಮ್ಮ ಹೆಸರು ಮುಗಿಯಿತು. ಆಮೇಲೆ ಅದು ಯಾರ ಹೊಲದ ಶೇಂಗಾ ಅಂತ ದೇವರಿಗೂ ಗೊತ್ತಾಗುತ್ತಿರಲಿಲ್ಲ. ಈಗ ಹಂಗಿಲ್ಲ. ಮತ್ತೆ ಹಳ್ಳಿಗಳಿಗೆ ಗಾಣ ಬಂದಿದೆ. ನವಣೆ, ಸಾಮೆ ಅಕ್ಕಿ ಮಾಡಿಸಿ ಅರ್ಧ ಕಿಲೋ ಪ್ಯಾಕೆಟ್ಟು ಕಟ್ಟುವವರಿದ್ದಾರೆ. 2023ನ್ನು ಸಿರಿಧಾನ್ಯದ ವರ್ಷ ಅಂತ ವಿಶ್ವಸಂಸ್ಥೆ ಸಾರಿದ ಮೇಲಂತೂ ಪ್ಯಾಕೆಟ್ಟುಗಳದೇ ಸುಗ್ಗಿ. ಹೆಣ್ಣುಮಕ್ಕಳ ಸಂಘಗಳು ಚಟ್ನಿಪುಡಿ, ಕಡಕ್ ರೊಟ್ಟಿ ಮಾಡುತ್ತಿವೆ. ಪ್ರತಿ ಪ್ಯಾಕೆಟ್ಟಿಗೂ ಒಂದು ಹೆಸರು, ಹೆಸರಿನ ಕೆಳಗೆ ಒಂದು ಅಡಿಬರಹ. ಹೆಸರಿಡುವುದು ಸುಲಭ, ಒಂದು ಸಂಜೆ ಕೂತರೆ ಆಯಿತು. ಅದು ನಮ್ಮದಾಗಿ ಉಳಿಯುವುದು ಬೇರೆ ಮಾತು.

ನಾನು ಚಿತ್ರದುರ್ಗ ಸೀಮೆಯವನು. ಓದಿದ್ದು ಏಳನೇ ಕ್ಲಾಸು. ಕಾನೂನು ನನ್ನ ಕಸುಬಲ್ಲ. ಸಂಘದ ಕೆಲಸಕ್ಕೆ ಅಂತ ವಕೀಲರ ಹತ್ತಿರ ಕೂತು ಕೇಳಿದ್ದು, ಮಗಳ ಕೈಯಲ್ಲಿ ಮೊಬೈಲಿನಲ್ಲಿ ಕೋರ್ಟಿನ ತೀರ್ಪುಗಳನ್ನು ಓದಿಸಿ ಅರ್ಥ ಹೇಳಿಸಿಕೊಂಡದ್ದು, ಅಷ್ಟರಿಂದ ಬಂದ ಅಭಿಪ್ರಾಯ ಇದು.

ನಾವು ಹದಿನಾಲ್ಕು ಮನೆಯವರು ಸೇರಿ 2018ರಿಂದ ಗಾಣದ ಶೇಂಗಾ ಎಣ್ಣೆ ಮಾರುತ್ತಿದ್ದೇವೆ. ಹೆಸರು ಇಲ್ಲಿ ಬರೆಯುವುದಿಲ್ಲ, ಈ ಪುಟ ಜಾಹೀರಾತಿನ ಜಾಗ ಅಲ್ಲ. ಎರಡು ವರ್ಷದ ಹಿಂದೆ ದಾವಣಗೆರೆಯ ಒಬ್ಬ ಖಾಯಂ ಗಿರಾಕಿ ಫೋನು ಮಾಡಿ, ‘ನಿಮ್ಮ ಎಣ್ಣೆ ಯಾಕ್ರಿ ಹಿಂಗೆ ಕಮಟು ವಾಸನೆ ಬರ್ತಿದೆ’ ಅಂತ ಬೈದರು. ಆ ತಿಂಗಳು ನಾವು ದಾವಣಗೆರೆಗೆ ಒಂದು ಡಬ್ಬಿಯೂ ಕಳಿಸಿರಲಿಲ್ಲ. ಫೋಟೋ ತರಿಸಿ ನೋಡಿದರೆ ನಮ್ಮದೇ ಹಳದಿ ಲೇಬಲ್ಲು, ನಮ್ಮದೇ ಥರ ಗಾಣದ ಚಿತ್ರ. ಹೆಸರಿನಲ್ಲಿ ಒಂದು ದೀರ್ಘ ಮಾತ್ರ ಬೇರೆ. ಅಡಿಬರಹ ಅಕ್ಷರಕ್ಕಕ್ಷರ ನಮ್ಮದೇ. ಮಾಡಿದವನು ಒಬ್ಬ ವ್ಯಾಪಾರಿ. ಅವನಿಗೆ ಹೊಲವೂ ಇಲ್ಲ, ಗಾಣವೂ ಇಲ್ಲ. ಹೋಗಿ ಕೇಳಿದರೆ ‘ನಿಮ್ಮ ಹೆಸರಿಗೆ ರಿಜಿಸ್ಟ್ರೇಶನ್ ಇದೆಯಾ, ತೋರಿಸ್ರಿ ನೋಡಣ’ ಅಂದ.

ವಕೀಲರು ನಮ್ಮ 2018ರಿಂದಿನ ಬಿಲ್ಲುಗಳನ್ನೆಲ್ಲ ತರಿಸಿಕೊಂಡು ನೋಟೀಸು ಕೊಟ್ಟರು. ಅವನು ಹೆಸರು ಬದಲಿಸಿದ. ಆದರೆ ಅಡಿಬರಹ ಹಂಗೇ ಇಟ್ಟುಕೊಂಡ. ಇವತ್ತಿಗೂ ಅವನ ಡಬ್ಬಿ ಮೇಲೆ ಅದೇ ಸಾಲು ಇದೆ. ದಾವಣಗೆರೆಯ ಆ ಗಿರಾಕಿ ತಿರುಗಿ ಬರಲಿಲ್ಲ. ಅವರ ಮಾತು ಕೇಳಿ ಬಿಟ್ಟವರು ಎಷ್ಟು ಮನೆಯೋ ಲೆಕ್ಕ ಸಿಗುವುದಿಲ್ಲ.

ಈಗ ನಮ್ಮ ಸಂಘದಲ್ಲಿ ಎರಡು ಪಕ್ಷ. ಬಿಲ್ಲು ತೋರಿಸಿ ಗೆದ್ದೆವಲ್ಲ, ಇನ್ನು ರಿಜಿಸ್ಟ್ರೇಶನ್ ಯಾಕೆ, ದುಡ್ಡು ದಂಡ ಅನ್ನುವವರು ಅರ್ಧ. ಹೆಸರೂ ಮಾಡಿಸೋಣ, ಅಡಿಬರಹವನ್ನೂ ಮಾಡಿಸೋಣ ಅನ್ನುವ ಹುಡುಗರು ಉಳಿದರ್ಧ. ನಾನು ಇಬ್ಬರ ಮಾತನ್ನೂ ಒಪ್ಪುವುದಿಲ್ಲ. ಹೆಸರನ್ನು ತಡ ಮಾಡದೆ ಬರೆಸಬೇಕು. ಅಡಿಬರಹಕ್ಕೆ ಒಂದು ಪೈಸೆ ಹಾಕಬಾರದು. ಯಾಕೆ ಅಂತ ಹೇಳುತ್ತೇನೆ.

ಮೊದಲು ಒಂದು ಗೊಂದಲ ಬಿಡಿಸಬೇಕು. ನಮ್ಮ ಹತ್ತಿರ ಎಫ್.ಎಸ್.ಎಸ್.ಎ.ಐ. ನಂಬರು ಇದೆ, ಉದ್ಯಮ್ ಪ್ರಮಾಣಪತ್ರ ಇದೆ, ಕೆಲವರಿಗೆ ಜಿ.ಎಸ್.ಟಿ. ಇದೆ. ರೈತ ಉತ್ಪಾದಕ ಕಂಪನಿಗಳಿಗೆ ಕಂಪನಿ ಕಾಯ್ದೆಯ ನೋಂದಣಿ ಇದೆ. ಇಷ್ಟೆಲ್ಲ ಇರುವಾಗ ಹೆಸರು ನಮ್ಮದೇ ಅಲ್ವಾ ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲ. ಮೊದಲನೆಯದು ಆಹಾರ ಸುರಕ್ಷತೆಗೆ, ಎರಡನೆಯದು ಸಣ್ಣ ಉದ್ಯಮ ಅನ್ನುವುದಕ್ಕೆ, ಮೂರನೆಯದು ತೆರಿಗೆಗೆ. ಕಂಪನಿ ನೋಂದಣಿ ಕಂಪನಿಯ ಹುಟ್ಟಿಗೆ. ಇವು ಯಾವುದೂ ಡಬ್ಬಿ ಮೇಲಿನ ಹೆಸರಿಗೆ ಒಡೆತನ ಕೊಡುವುದಿಲ್ಲ. ಅದಕ್ಕೆ ಬೇರೆ ಕಾನೂನು, 1999ರ ಟ್ರೇಡ್‌ಮಾರ್ಕ್ ಕಾಯ್ದೆ. 2003ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ.

ಈ ಕಾನೂನನ್ನು ರೈತರಿಗೆ ತಿಳಿಸಲು ಪಹಣಿಗಿಂತ ಒಳ್ಳೆ ದಾರಿ ಇಲ್ಲ. ಪಹಣಿಯಲ್ಲಿ 9ನೇ ಕಾಲಂ ಮಾಲೀಕನದು, 12ನೇ ಕಾಲಂ ಸಾಗುವಳಿ ಮಾಡುವವನದು. ಟ್ರೇಡ್‌ಮಾರ್ಕಿನಲ್ಲೂ ಹಂಗೇ. ಬರೆಸಿಕೊಂಡವನಿಗೆ ಒಂದು ಹಕ್ಕು, ಮೊದಲಿನಿಂದ ಉಪಯೋಗಿಸುತ್ತಾ ಬಂದವನಿಗೆ ಇನ್ನೊಂದು ಹಕ್ಕು. ವಿಶೇಷ ಏನಪ್ಪಾ ಅಂದರೆ, ಇಲ್ಲಿ 12ನೇ ಕಾಲಮ್ಮಿನ ತೂಕವೇ ಹೆಚ್ಚು.

ತಮಿಳುನಾಡಿನ ತಿರುನೆಲ್ವೇಲಿಯಲ್ಲಿ ‘ಇರುಟ್ಟುಕಡೈ ಹಲ್ವ’ ಅಂತ ಒಂದು ಅಂಗಡಿ ಇದೆ. ಇರುಟ್ಟುಕಡೈ ಅಂದರೆ ಕತ್ತಲೆ ಅಂಗಡಿ. ಮಂದ ಬೆಳಕಿನಲ್ಲಿ ಹಲ್ವ ಮಾರುತ್ತಿದ್ದುದಕ್ಕೆ ಜನ ಕರೆದ ಹೆಸರು ಅದು. ಹೆಸರು ಬೆಳೆದ ಮೇಲೆ ಇನ್ನೊಬ್ಬರು ಅದರ ಮುಂದೆ ಊರ ಹೆಸರು ಸೇರಿಸಿ ‘ತಿರುನೆಲ್ವೇಲಿ ಇರುಟ್ಟುಕಡೈ ಹಲ್ವ’ ಅಂತ ಮಾರತೊಡಗಿದರು. ಅಷ್ಟೇ ಅಲ್ಲ, ಅದಕ್ಕೆ ರಿಜಿಸ್ಟ್ರೇಶನ್ನನ್ನೂ ಪಡೆದರು. ಜಗಳ ದಿಲ್ಲಿಯವರೆಗೆ ಹೋಯಿತು. 2015ರಲ್ಲಿ ಸುಪ್ರೀಂ ಕೋರ್ಟು ಮೊದಲು ಬಳಸಿದವರ ಹಕ್ಕೇ ದೊಡ್ಡದು, ಆಮೇಲೆ ಬಂದು ಬರೆಸಿಕೊಂಡವನ ರಿಜಿಸ್ಟ್ರೇಶನ್ ಅದರ ಮುಂದೆ ನಿಲ್ಲುವುದಿಲ್ಲ ಅಂದಿತು. ಒಂದು ಹಲ್ವದ ಅಂಗಡಿ ಗೆದ್ದ ಕೇಸು ಇದು. ನಮ್ಮಂಥ ಸಣ್ಣವರು ನೆನಪಿಡಬೇಕಾದ್ದು.

ಹಂಗಾದರೆ ಬಿಲ್ಲು ಇದ್ದರೆ ಸಾಕಲ್ಲ ಅನ್ನುವವರ ಮಾತು ಸರಿ ಅಂತ ಕಾಣುತ್ತದೆ. ಸರಿಯಲ್ಲ. ರಿಜಿಸ್ಟ್ರೇಶನ್ ಇಲ್ಲದವನು ಕೋರ್ಟಿಗೆ ಹೋದರೆ ಎಲ್ಲವನ್ನೂ ಅಡಿಯಿಂದ ಸಾಬೀತು ಮಾಡಬೇಕು. ಯಾವತ್ತು ಶುರು ಮಾಡಿದೆ, ಯಾವ ಊರಿನಲ್ಲಿ ಮಾರಿದೆ, ಜನರ ಮನಸ್ಸಿನಲ್ಲಿ ಆ ಹೆಸರು ನನ್ನದೇ ಅಂತ ಕೂತಿದೆ, ಎದುರಾಳಿಯಿಂದ ಅವರು ಮೋಸ ಹೋಗುತ್ತಾರೆ, ನನಗೆ ನಷ್ಟ, ಹೀಗೆ ಒಂದೊಂದೂ. ಬರೆಸಿಕೊಂಡವನು ಸರ್ಟಿಫಿಕೇಟು ಇಟ್ಟರೆ ಅರ್ಧ ದಾರಿ ಕ್ರಮಿಸಿದಂತೆ. ಇನ್ನೊಂದು ಅನುಕೂಲ ವಕೀಲರು ಹೇಳಿದ್ದು ನನಗೆ ಬಹಳ ಮುಖ್ಯ ಅನ್ನಿಸಿತು. ರಿಜಿಸ್ಟರ್ ಆದ ಹೆಸರಿಗೆ ಯಾರಾದರೂ ಕೈ ಹಾಕಿದರೆ ನಾವು ವ್ಯಾಪಾರ ಮಾಡುವ ನಮ್ಮ ಜಿಲ್ಲೆಯ ಕೋರ್ಟಿನಲ್ಲೇ ದಾವೆ ಹೂಡಬಹುದು. ಅವನ ಊರು ಹುಡುಕಿಕೊಂಡು ಬಸ್ಸು ಹತ್ತಬೇಕಾಗಿಲ್ಲ. ದಾವಣಗೆರೆ ನಮಗೆ ಹತ್ತಿರ, ನಾಳೆ ಹೈದರಾಬಾದಿನವನು ಮಾಡಿದರೆ?

ತಡ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೂ ಹಳೆಯ ಕೇಸು ಇದೆ. ‘ಅಮೃತಧಾರಾ’ ಅಂತ ಒಂದು ಔಷಧಿ, ಬಹಳ ಹಿಂದಿನಿಂದ ಹೆಸರುವಾಸಿ. ಉತ್ತರ ಪ್ರದೇಶದಲ್ಲಿ ಇನ್ನೊಬ್ಬರು 1923ರಿಂದ ‘ಲಕ್ಷ್ಮಣಧಾರಾ’ ಅಂತ ಅಂಥದ್ದೇ ಔಷಧಿ ಮಾರುತ್ತಿದ್ದರು. ಸುಪ್ರೀಂ ಕೋರ್ಟು 1962ರಲ್ಲಿ ಎರಡು ಮಾತು ಹೇಳಿತು. ಒಂದು, ಕೊಳ್ಳುವವರು ಹಳ್ಳಿಯವರೂ ಇರುತ್ತಾರೆ, ಓದು ಬಾರದವರೂ ಇರುತ್ತಾರೆ. ಅವರು ಪದ ಒಡೆದು ಅರ್ಥ ನೋಡಿ ಕೊಳ್ಳುವುದಿಲ್ಲ, ಅರ್ಧಮರ್ಧ ನೆನಪಿನಲ್ಲಿ ಕೊಳ್ಳುತ್ತಾರೆ, ಹಾಗಾಗಿ ಈ ಎರಡು ಹೆಸರು ಮೋಸಕ್ಕೆ ದಾರಿ ಅಂತ. ಆದರೆ ಎರಡನೇ ಮಾತು, ಅಮೃತಧಾರಾದವರು ಅಷ್ಟು ವರ್ಷ ಸುಮ್ಮನಿದ್ದರಲ್ಲ, ಹಾಗಾಗಿ ಉತ್ತರ ಪ್ರದೇಶದ ಮಟ್ಟಿಗೆ ಲಕ್ಷ್ಮಣಧಾರಾವೂ ಇರಲಿ ಅಂತ. ಹೆಸರು ಒಂದೇ ಥರ ಅಂತ ಒಪ್ಪಿದ ಮೇಲೂ ಒಂದು ಇಡೀ ರಾಜ್ಯದಲ್ಲಿ ಪಾಲು ಬಿಟ್ಟುಕೊಡಬೇಕಾಯಿತು. ಬದು ಒತ್ತುವವನನ್ನು ಮೊದಲ ಗೆರೆಗೇ ಕೇಳಬೇಕು ಅಂತ ನಮ್ಮ ಹಿರಿಯರು ಅನ್ನುತ್ತಿದ್ದುದು ಇದಕ್ಕೇ.

ಹೆಸರು ಮಾತ್ರ ಅಲ್ಲ, ಕವರಿನ ಒಟ್ಟು ನೋಟಕ್ಕೂ ಬೆಲೆ ಇದೆ. ಪಾರ್ಲೆ ಬಿಸ್ಕತ್ತಿನ ಹಳೆಯ ಪೊಟ್ಟಣದ ಮೇಲೆ ತೋಟದ ಮನೆ, ಹಸು, ಕೋಳಿ, ನಡುವೆ ಬಕೆಟ್ಟು ಹಿಡಿದ ಹುಡುಗಿಯ ಚಿತ್ರ ಇತ್ತು. ಮೈಸೂರಿನ ಒಂದು ಕಂಪನಿಯ ಬಿಸ್ಕತ್ತಿನ ಪೊಟ್ಟಣದಲ್ಲೂ ಹಸು, ಕೋಳಿ, ತಲೆ ಮೇಲೆ ಹುಲ್ಲಿನ ಹೊರೆ ಹೊತ್ತ ಹುಡುಗಿ. ಬಣ್ಣ, ಅಳತೆಯೂ ಹತ್ತಿರ ಹತ್ತಿರ. ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಕಾಣುತ್ತದೆ ಅನ್ನುವ ವಾದವನ್ನು ಸುಪ್ರೀಂ ಕೋರ್ಟು 1972ರಲ್ಲಿ ಒಪ್ಪಲಿಲ್ಲ. ಅಂಗಡಿಗೆ ಹೋಗುವವರು ಪಕ್ಕಪಕ್ಕ ಇಟ್ಟು ನೋಡುವುದಿಲ್ಲ, ಕೆಲವು ದಿನದ ಹಿಂದೆ ನೋಡಿದ್ದು ಇದೇ ಅಂತ ತಿಳಿದು ಕೊಳ್ಳುತ್ತಾರೆ ಅಂತ ಪಾರ್ಲೆ ಪರ ತೀರ್ಪಾಯಿತು. ನಮ್ಮ ಹಳದಿ ಲೇಬಲ್ಲಿನ ಕಥೆಯೂ ಅದೇ. ಅರ್ಜಿ ಹಾಕುವಾಗ ಹೆಸರನ್ನೂ, ಆಗುವುದಾದರೆ ಲೇಬಲ್ಲಿನ ಚಿತ್ರವನ್ನೂ ಯೋಚಿಸಬೇಕು. ಎರಡೂ ಆಗದಿದ್ದರೆ ಮೊದಲು ಬರೀ ಹೆಸರು.

ಆದರೆ ಎಂಥ ಹೆಸರು? ಇಲ್ಲೇ ನಮ್ಮವರು ಎಡವುವುದು. ‘ಶುದ್ಧ ಗಾಣದ ಎಣ್ಣೆ’ ಅಂತ ದೊಡ್ಡದಾಗಿ ಬರೆದು ಅದನ್ನೇ ಹೆಸರು ಅಂದುಕೊಳ್ಳುತ್ತಾರೆ. ಅದು ಹೆಸರಲ್ಲ, ಮಾಲು. ಎಣ್ಣೆಯನ್ನು ಎಣ್ಣೆ ಅನ್ನುವ ಹಕ್ಕು ಎಲ್ಲರಿಗೂ ಇದೆ. ಮಾಲಿನ ಜಾತಿ, ಗುಣ, ಹುಟ್ಟಿದ ಊರು ಇಷ್ಟನ್ನೇ ಹೇಳುವ ಪದಗಳನ್ನು ಒಬ್ಬನಿಗೆ ಬರೆದುಕೊಡುವುದಿಲ್ಲ. ‘ಸಿಮ್ಲಾ’ ಅನ್ನುವ ಹೆಸರನ್ನು ಸಿಗರೇಟಿಗೆ ಕೇಳಿದ ದೊಡ್ಡ ಕಂಪನಿಗೇ 1977ರಲ್ಲಿ ಕಲ್ಕತ್ತಾ ಹೈಕೋರ್ಟು ಇಲ್ಲ ಅಂದಿತು, ಅಷ್ಟು ಪ್ರಸಿದ್ಧ ಊರ ಹೆಸರು ಒಬ್ಬರ ಸ್ವತ್ತಾಗಬಾರದು ಅಂತ. ದೇವರ ಹೆಸರೂ ಕಷ್ಟವೇ. ಅಗರಬತ್ತಿಗೆ ‘ರಾಮಾಯಣ’ ಅನ್ನುವ ಹೆಸರು ತನಗೊಬ್ಬನಿಗೇ ಬೇಕು ಅಂದವರಿಗೆ ಸುಪ್ರೀಂ ಕೋರ್ಟು 2015ರಲ್ಲಿ ಧರ್ಮಗ್ರಂಥದ ಹೆಸರನ್ನು ಯಾರೂ ಗುತ್ತಿಗೆ ಹಿಡಿಯಲಾಗದು ಅಂದಿತು. ನಮ್ಮಲ್ಲಿ ಹತ್ತು ಎಣ್ಣೆಯಲ್ಲಿ ಆರು ಬಸವೇಶ್ವರ, ಆಂಜನೇಯ, ಲಕ್ಷ್ಮಿ. ಭಕ್ತಿ ಸರಿ. ಆದರೆ ಪಕ್ಕದ ಊರಿನವನೂ ಅದೇ ದೇವರ ಭಕ್ತ.

ನಮ್ಮ ನಾಡಿನ ದೊಡ್ಡ ಉದಾಹರಣೆ ನಂದಿನಿ ಹಾಲಿನದು. ಹಾಲು ಹಾಕುವ ರೈತರಿಗೆಲ್ಲ ಇದು ನಮ್ಮದೇ ಹೆಸರು. ಕೆ.ಎಂ.ಎಫ್. 1985ರಿಂದ ಬಳಸುತ್ತಿದೆ. ಬೆಂಗಳೂರಿನ ‘ನಂದಿನಿ ಡೀಲಕ್ಸ್’ ಹೋಟೆಲಿನವರು 1989ರಿಂದ ಬಳಸುತ್ತಿದ್ದಾರೆ. ಹೋಟೆಲಿನವರು ತಮ್ಮ ಹೆಸರು ರಿಜಿಸ್ಟರ್ ಮಾಡಿಸಲು ಹೋದಾಗ ಕೆ.ಎಂ.ಎಫ್. ತಕರಾರು ಹಾಕಿತು. ಹೈಕೋರ್ಟಿನಲ್ಲಿ ಕೆ.ಎಂ.ಎಫ್. ಗೆದ್ದಿತು. 2018ರ ಜುಲೈನಲ್ಲಿ ಸುಪ್ರೀಂ ಕೋರ್ಟು ಅದನ್ನು ತಿರುವಿ ಹಾಕಿತು. ನಂದಿನಿ ಅನ್ನುವುದು ಪುರಾಣದ ಹಸುವಿನ ಹೆಸರು, ಯಾರೂ ಹೊಸದಾಗಿ ಕಟ್ಟಿದ ಪದ ಅಲ್ಲ. ಎರಡರ ಚಿತ್ರ ಬೇರೆ, ಮಾಲು ಬೇರೆ. ಹಾಲು, ಹಾಲಿನ ಪದಾರ್ಥ ಬಿಟ್ಟು ಉಳಿದದ್ದಕ್ಕೆ ಹೋಟೆಲಿನವರೂ ಇಟ್ಟುಕೊಳ್ಳಲಿ ಅಂತ. ಲಕ್ಷಗಟ್ಟಲೆ ರೈತರ ಹಾಲು ಹೊತ್ತ ಹೆಸರಿಗೇ ಇಷ್ಟೇ ಬೇಲಿ ಸಿಕ್ಕಿತು ಅಂದರೆ ನಮ್ಮ ಪುಟ್ಟ ಡಬ್ಬಿಗೆ ಪುರಾಣದ ಹೆಸರು ಇಟ್ಟು ಯಾವ ಬೇಲಿ ಕಟ್ಟುತ್ತೇವೆ?

ಮಾಲಿಗೆ ಸಂಬಂಧ ಇಲ್ಲದ ಪದ ಒಳ್ಳೇದು. ಎಣ್ಣೆಗೆ ಒಂದು ಹಕ್ಕಿಯ ಹೆಸರು, ಮಳೆಯ ಹೆಸರು, ನಿಮ್ಮ ಅಜ್ಜಿ ಮಾತ್ರ ಆಡುತ್ತಿದ್ದ ಒಂದು ಪದ. ಕೇಳಿದವರು ‘ಹಂಗಂದ್ರೇನು’ ಅಂತ ಕೇಳಬೇಕು. ಕೇಳಿದವರು ಮರೆಯುವುದಿಲ್ಲ. ಇನ್ನೂ ಒಳ್ಳೇದು ಎಲ್ಲೂ ಇಲ್ಲದ ಪದ ಕಟ್ಟುವುದು. ಹೆಸರು ಗೊತ್ತು ಮಾಡುವ ಮುಂಚೆ ಸರ್ಕಾರದ ಟ್ರೇಡ್‌ಮಾರ್ಕ್ ಜಾಲತಾಣದಲ್ಲಿ ಪುಕ್ಕಟೆ ಹುಡುಕಿ ನೋಡಬಹುದು. ಅಕ್ಷರ ನೋಡಿದರೆ ಸಾಲದು, ಉಚ್ಚಾರಣೆಯೂ ನೋಡಬೇಕು. ಕನ್ನಡದಲ್ಲಿ ಬರೆದರೂ ಇಂಗ್ಲಿಷಿನಲ್ಲಿ ಬರೆದರೂ ಕಿವಿಗೆ ಒಂದೇ ಆದರೆ ಅವರಿಗೂ ಒಂದೇ. ಹತ್ತು ಸಾವಿರ ಕವರು ಅಚ್ಚು ಹಾಕಿಸಿದ ಮೇಲೆ ಹುಡುಕುವವರಿದ್ದಾರೆ. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು.

ಇನ್ನು ಅಡಿಬರಹ. ನಮ್ಮದು ‘ಕಲಬೆರಕೆ ಇಲ್ಲದ ಅಪ್ಪಟ ಗಾಣದೆಣ್ಣೆ’. ಆ ವ್ಯಾಪಾರಿ ಅದನ್ನು ಬಿಡಲಿಲ್ಲ ಅಂತ ಹುಡುಗರಿಗೆ ಕಣ್ಣು ಕೆಂಪು. ಆದರೆ ವಕೀಲರು ಮೊದಲೇ ಹೇಳಿದ್ದರು, ಈ ಸಾಲಿಗೆ ನೀವು ಒಡೆಯರಾಗಲಾರಿರಿ ಅಂತ. ಕಾನೂನು ಅಡಿಬರಹವನ್ನು ಬೇಡ ಅನ್ನುವುದಿಲ್ಲ. ಸಾಲು ಕೇಳಿದ ಕೂಡಲೇ ಒಬ್ಬನೇ ವ್ಯಾಪಾರಿ ನೆನಪಾಗುವಂತಿದ್ದರೆ ರಿಜಿಸ್ಟರ್ ಆಗುತ್ತದೆ. ಮಾಲಿನ ಗುಣ ಹೇಳುವ ಸಾಲಾದರೆ ಬಾಗಿಲಲ್ಲೇ ನಿಲ್ಲುತ್ತದೆ, ಒಳಗೆ ಹೋದರೂ ಕೋರ್ಟಿನಲ್ಲಿ ಬೀಳುತ್ತದೆ. ಗೇಟರೇಡ್ ಅನ್ನುವ ಪಾನೀಯದವರು ದೇಹಕ್ಕೆ ನೀರು ತುಂಬುತ್ತದೆ, ಕಳೆದದ್ದನ್ನು ತುಂಬುತ್ತದೆ, ಶಕ್ತಿ ತುಂಬುತ್ತದೆ ಅನ್ನುವ ಅರ್ಥದ ಮೂರು ಇಂಗ್ಲಿಷ್ ಪದಗಳನ್ನು ರಿಜಿಸ್ಟರ್ ಮಾಡಿಸಿಕೊಂಡಿದ್ದರು. ಗ್ಲುಕಾನ್-ಡಿಯವರು ಅಂಥದ್ದೇ ಪದ ಬಳಸಿದಾಗ ದಾವೆ ಹಾಕಿದರು. 2010ರಲ್ಲಿ ದಿಲ್ಲಿ ಹೈಕೋರ್ಟು, ಇವು ಪಾನೀಯ ಏನು ಮಾಡುತ್ತದೆ ಅಂತ ಹೇಳುವ ಮಾತು, ಯಾರು ಬೇಕಾದರೂ ಹೇಳಬಹುದು ಅಂತ ತಡೆಯಾಜ್ಞೆ ಕೊಡಲಿಲ್ಲ. ಕೋಟಿ ಕೋಟಿ ಜಾಹೀರಾತಿಗೆ ಸುರಿಯುವವರ ಗತಿಯೇ ಇದು.

ಒಂದು ವಿಧದಲ್ಲಿ ಇದು ನ್ಯಾಯವೇ. ‘ಕಲಬೆರಕೆ ಇಲ್ಲದ’ ಅನ್ನುವ ಮಾತನ್ನು ನಾವು ಬರೆಸಿಕೊಂಡರೆ ನಾಳೆ ಪಕ್ಕದ ಹೋಬಳಿಯ ಪ್ರಾಮಾಣಿಕ ಗಾಣದವನು ತನ್ನ ಎಣ್ಣೆಯನ್ನು ಏನಂತ ಹೇಳಿ ಮಾರಬೇಕು? ಅಮುಲ್ ಬೆಣ್ಣೆಯವರ ‘ಅಟರ್ಲಿ ಬಟರ್ಲಿ’ ಸಾಲು ನೋಡಿ. 1966ರಿಂದ ನಡೆದು ಬಂದಿದೆ. ಇಂಗ್ಲಿಷಿನಲ್ಲೂ ಇಲ್ಲದ ಪದವನ್ನು ಕಟ್ಟಿ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಬಿಡದೆ ಹೇಳಿದರೆ ಅದು ಅವರದಾಗುತ್ತದೆ. ನಮಗೆ ಅಷ್ಟು ಶಕ್ತಿ ಇಲ್ಲ. ಇದ್ದ ಹಣ ಹೆಸರಿಗೆ ಸಾಕು. ಅಡಿಬರಹ ನಿಜ ಹೇಳಿದರೆ ಆಯಿತು. ಪ್ರಮಾಣಪತ್ರ ಇಲ್ಲದೆ ಅಂಗಡಿಗೆ ಹೋಗುವ ಪ್ಯಾಕೆಟ್ಟಿನ ಮೇಲೆ ‘ಸಾವಯವ’ ಅಂತಲೋ, ನವಣೆ ಮೇಲೆ ‘ಸಕ್ಕರೆ ಕಾಯಿಲೆ ವಾಸಿ’ ಅಂತಲೋ ಬರೆದರೆ ಕದಿಯುವವನ ಕಾಟಕ್ಕಿಂತ ಮೊದಲು ಆಹಾರ ಇಲಾಖೆಯವರ ಕಾಟ.

ಈಗ ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹೆಚ್ಚು ಹತ್ತಿರದ ವಿಷಯಕ್ಕೆ ಬರುತ್ತೇನೆ. ಬರೆಸುವುದು ಯಾರ ಹೆಸರಿಗೆ?

ಹೊರಗಿನ ಕಳ್ಳನನ್ನು ನೋಟೀಸು ಕೊಟ್ಟು ಓಡಿಸಬಹುದು. ಮನೆಯೊಳಗಿನ ಪಾಲುಗಾರಿಕೆ ಕಷ್ಟ. ನಾನು ಬಲ್ಲ ಒಂದು ಸ್ವಸಹಾಯ ಸಂಘದಲ್ಲಿ ಓಡಾಡುವವರು ಇವರೊಬ್ಬರೇ ಅಂತ ಕಾರ್ಯದರ್ಶಿಯ ಆಧಾರ್ ಕೊಟ್ಟು ಅರ್ಜಿ ಹಾಕಿದರು. ಮೂರು ವರ್ಷಕ್ಕೆ ಜಗಳ ಬಂತು, ಕಾರ್ಯದರ್ಶಿ ಹೊರಗೆ ಹೋದರು, ಕೈಯಲ್ಲಿ ಸರ್ಟಿಫಿಕೇಟು. ಉಳಿದ ಹನ್ನೊಂದು ಹೆಣ್ಣುಮಕ್ಕಳು ತಾವೇ ಕುಟ್ಟಿ, ತಾವೇ ಹೆಸರು ತಂದ ಚಟ್ನಿಪುಡಿಗೆ ಹೊಸ ಹೆಸರು ಹುಡುಕಬೇಕಾಯಿತು. ಅವರು ಕಾರ್ಯದರ್ಶಿಯನ್ನು ಬೈಯುತ್ತಾರೆ. ನಾನು ಆ ಒಬ್ಬರನ್ನೇ ಬೈಯಲಾರೆ, ಓಡಾಡಿದ ಖರ್ಚು ಅವರದೇ. ಕಾಗದ ಮಾತ್ರ ಯಾರ ಕಷ್ಟವನ್ನೂ ನೋಡುವುದಿಲ್ಲ.

ಹೆಸರು ಮಾಡಿದವರು ಒಬ್ಬರು, ಹೆಸರಿನ ಒಡೆಯರು ಇನ್ನೊಬ್ಬರು ಆಗಬಹುದು ಅನ್ನುವುದಕ್ಕೆ ದೊಡ್ಡ ಮನೆಯ ಉದಾಹರಣೆ ಎಂ.ಟಿ.ಆರ್. 1924ರಲ್ಲಿ ಶುರುವಾದ ಹೋಟೆಲಿನಿಂದ ಬೆಳೆದ ಹೆಸರು ಅದು. ಪ್ಯಾಕೆಟ್ಟಿನ ಪುಡಿ, ತಿಂಡಿ ಮಾಡುವ ಎಂ.ಟಿ.ಆರ್. ಫುಡ್ಸ್ ಕಂಪನಿಯನ್ನು 2007ರಲ್ಲಿ ನಾರ್ವೆ ದೇಶದ ಓರ್ಕ್ಲಾ ಕೊಂಡುಕೊಂಡಿತು. ಪ್ಯಾಕೆಟ್ಟಿನ ಮೇಲಿನ ಹೆಸರೂ ಅದರ ಜೊತೆ ಹೋಯಿತು. ಮಾರಿದ ಸದಾನಂದ ಮಯ್ಯರು ಆಮೇಲೆ ಹೊಸ ಉದ್ಯಮಕ್ಕೆ ‘ಮಯ್ಯಾಸ್’ ಅಂತ ಬೇರೆ ಹೆಸರನ್ನೇ ಕಟ್ಟಿದರು. ಅವರು ಬೆಲೆ ಪಡೆದು, ತಿಳಿದು ಮಾರಿದ್ದು. ನಾವು ಬೆಲೆಯೂ ಇಲ್ಲದೆ, ತಿಳಿಯದೆಯೂ ಕೊಟ್ಟುಬಿಡುತ್ತೇವೆ.

ಆದ್ದರಿಂದ ಗುಂಪಿನ ಹೆಸರು ಗುಂಪಿನದೇ ಆಗಿರಬೇಕು. ರೈತ ಉತ್ಪಾದಕ ಕಂಪನಿ, ಸಹಕಾರ ಸಂಘ, ನೋಂದಾಯಿತ ಸೊಸೈಟಿ ಇದ್ದರೆ ಅದರ ಹೆಸರಿನಲ್ಲೇ ಅರ್ಜಿ. ಸದಸ್ಯರೆಲ್ಲ ಒಂದೇ ಗುರುತು ಬಳಸುವ ಸಂಘಗಳಿಗೆ ಸಾಮೂಹಿಕ ಟ್ರೇಡ್‌ಮಾರ್ಕ್ ಅಂತಲೇ ಕಾನೂನಿನಲ್ಲಿ ಅವಕಾಶ ಇದೆ, ಯಾರು ಬಳಸಬಹುದು, ಯಾರು ಬಳಸಬಾರದು ಅನ್ನುವ ನಿಯಮಾವಳಿ ಜೊತೆಗಿಡಬೇಕು. ನಮ್ಮವರಿಗೆ ಇದನ್ನು ಹೇಳುವವರಿಲ್ಲ. ಬ್ರಾಂಡ್ ಮಾಡಿ ಬ್ರಾಂಡ್ ಮಾಡಿ ಅಂತ ತರಬೇತಿ ಕೊಡುವ ಅಧಿಕಾರಿಗಳು ಡಬ್ಬಿಯ ಬಣ್ಣದವರೆಗೂ ಮಾತಾಡುತ್ತಾರೆ, ಒಡೆತನದ ಮಾತಿಗೆ ಬಂದಾಗ ಊಟದ ಹೊತ್ತಾಗಿರುತ್ತದೆ.

ಇನ್ನೊಂದು ಹೆದರಿಕೆ ತೆರಿಗೆಯದು. ‘ರಿಜಿಸ್ಟರ್ ಮಾಡಿಸಿದರೆ ಜಿ.ಎಸ್.ಟಿ. ಬೀಳುತ್ತೆ’ ಅಂತ ಈಗಲೂ ಹೇಳುತ್ತಾರೆ. ಇದು ಸುಳ್ಳಲ್ಲ, ಹಳೆಯ ಮಾತು. 2017ರ ಜುಲೈಯಲ್ಲಿ ಜಿ.ಎಸ್.ಟಿ. ಬಂದಾಗ ಅಕ್ಕಿ, ಹಿಟ್ಟು, ಬೇಳೆಗೆ ರಿಜಿಸ್ಟರ್ ಆದ ಬ್ರಾಂಡ್ ಇದ್ದರೆ 5 ಪರ್ಸೆಂಟ್, ಇಲ್ಲದಿದ್ದರೆ ಇಲ್ಲ ಅಂತಿತ್ತು. ದೊಡ್ಡ ದೊಡ್ಡವರೇ ರಿಜಿಸ್ಟ್ರೇಶನ್ ಬಿಡಲು ಹೊರಟರು. ಹೆಸರಿನ ಮೇಲೆ ಹಕ್ಕು ಸಾಧಿಸುವುದಿಲ್ಲ ಅಂತ ಅಫಿಡವಿಟ್ ಕೊಟ್ಟು, ಚೀಲದ ಮೇಲೂ ಹಂಗೇ ಅಚ್ಚು ಹಾಕಿದರೆ ತೆರಿಗೆ ಇಲ್ಲ ಅಂತಲೂ ಇತ್ತು. ತನ್ನ ಹೆಸರನ್ನು ತಾನೇ ಬಿಟ್ಟೆ ಅಂತ ಚೀಲದ ಮೇಲೆ ಬರೆಸುವ ಕಾಲ ಅದು. 2022ರ ಜುಲೈ 18ರಿಂದ ಆ ಲೆಕ್ಕ ಹೋಯಿತು. ಈಗ ನೋಡುವುದು ಮುಂಚೆಯೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ 25 ಕಿಲೋ ಒಳಗಿನ ಪೊಟ್ಟಣವೋ ಅಲ್ಲವೋ ಅಂತ. ಹೆಸರು ರಿಜಿಸ್ಟರ್ ಆಗಿದೆಯೋ ಇಲ್ಲವೋ ಅಂತ ಅಲ್ಲ. ಎಣ್ಣೆಗಂತೂ ಮೊದಲಿಂದಲೂ ಬ್ರಾಂಡಿನ ಲೆಕ್ಕ ಇರಲಿಲ್ಲ. ರಾಜ್ಯದೊಳಗೇ ಮಾರುವ, ವರ್ಷಕ್ಕೆ 40 ಲಕ್ಷ ದಾಟದ ಸಣ್ಣವರಿಗೆ ಈ ತಲೆನೋವೇ ಬೇಡ.

ಖರ್ಚಿನ ಮಾತು. ಒಬ್ಬ ವ್ಯಕ್ತಿ, ಅಥವಾ ಉದ್ಯಮ್ ಪ್ರಮಾಣಪತ್ರ ಇರುವ ಸಣ್ಣ ಸಂಸ್ಥೆ ಆನ್‌ಲೈನಿನಲ್ಲಿ ಅರ್ಜಿ ಹಾಕಿದರೆ ಸರ್ಕಾರದ ಶುಲ್ಕ 4,500 ರೂಪಾಯಿ, ಕಾಗದದಲ್ಲಾದರೆ 5,000. ಆ ಪ್ರಮಾಣಪತ್ರ ಇಲ್ಲದ ಸಂಸ್ಥೆಗೆ ಇದರ ಎರಡರಷ್ಟು. ಮಾಲುಗಳನ್ನೂ ಸೇವೆಗಳನ್ನೂ 45 ವರ್ಗ ಮಾಡಿದ್ದಾರೆ, ಒಂದೊಂದು ವರ್ಗಕ್ಕೂ ಬೇರೆ ಶುಲ್ಕ. ಅಡಿಗೆ ಎಣ್ಣೆ 29ನೇ ವರ್ಗ, ಹಿಟ್ಟು, ಅಕ್ಕಿ, ಜೇನು 30, ಬಿತ್ತನೆ ಬೀಜ, ತಾಜಾ ಹಣ್ಣು ತರಕಾರಿ 31. ಏಜೆಂಟರು ಎಲ್ಲ ವರ್ಗಕ್ಕೂ ಹಾಕೋಣ ಅಂತಾರೆ. ಇವತ್ತು ಮಾರುವುದಕ್ಕೆ ಹಾಕಿ. ಬರೆಸಿಕೊಂಡು ಐದು ವರ್ಷಕ್ಕಿಂತ ಹೆಚ್ಚು ಬಳಸದೆ ಇಟ್ಟರೆ ಇನ್ನೊಬ್ಬರು ತೆಗೆಸಿ ಹಾಕಬಹುದು.

ಕರ್ನಾಟಕದವರ ಅರ್ಜಿ ಹೋಗುವುದು ಚೆನ್ನೈ ಕಚೇರಿಗೆ. ಅವರು ನೋಡಿ ಪ್ರಶ್ನೆ ಕಳಿಸಿದರೆ ಒಂದು ತಿಂಗಳೊಳಗೆ ಉತ್ತರ ಕೊಡಬೇಕು. ಆಮೇಲೆ ಟ್ರೇಡ್‌ಮಾರ್ಕ್ ಜರ್ನಲಿನಲ್ಲಿ ಅಚ್ಚಾಗುತ್ತದೆ. ಅಲ್ಲಿಂದ ನಾಲ್ಕು ತಿಂಗಳು ಯಾರು ಬೇಕಾದರೂ ತಕರಾರು ಹಾಕಬಹುದು. ಹಾಕಿದರೆ ನಮ್ಮ ಉತ್ತರಕ್ಕೆ ಎರಡು ತಿಂಗಳು, ಕೊಡದಿದ್ದರೆ ಅರ್ಜಿ ಬಿಟ್ಟಂತೆ. ಬಿತ್ತನೆ ಹೊತ್ತಿನಲ್ಲಿ ಬಂದ ಇಮೇಲನ್ನು ಯಾರೂ ನೋಡದೆ ಎಷ್ಟೋ ಅರ್ಜಿ ಇಲ್ಲೇ ಸಾಯಬಹುದು. ಸಂಘದಲ್ಲಿ ಒಬ್ಬರಿಗೆ ಇದನ್ನೇ ನೋಡುವ ಕೆಲಸ ಒಪ್ಪಿಸಬೇಕು. ಆದ ಮೇಲೆ ಅರ್ಜಿ ಹಾಕಿದ ದಿನದಿಂದ ಹತ್ತು ವರ್ಷ ಹಕ್ಕು, ಮತ್ತೆ ಹತ್ತತ್ತು ವರ್ಷಕ್ಕೆ ನವೀಕರಣ. ಹೆಸರಿನ ಪಕ್ಕ ‘ಟಿಎಂ’ ಅಂತ ಸಣ್ಣದಾಗಿ ಯಾರು ಬೇಕಾದರೂ ಹಾಕಬಹುದು. ವೃತ್ತದೊಳಗಿನ ಆರ್ ಅಕ್ಷರ ಮಾತ್ರ ಸರ್ಟಿಫಿಕೇಟು ಬಂದ ಮೇಲೆ. ಮುಂಚೆ ಹಾಕಿದರೆ ಅದಕ್ಕೇ ದಂಡ ಇದೆ.

ಬಿಲ್ಲು ಪುಸ್ತಕ ಎಸೆಯಬೇಡಿ. ಮೊದಲು ಬಳಸಿದ ತಾರೀಖಿಗೆ ಅರ್ಜಿಯಲ್ಲಿ ಪುರಾವೆ ಕೇಳುತ್ತಾರೆ. ಮೊದಲ ಕವರು ಅಚ್ಚು ಹಾಕಿಸಿದ ಪ್ರೆಸ್ಸಿನ ರಸೀತಿ, ಕೃಷಿಮೇಳದ ಮಳಿಗೆಯ ಫೋಟೋ, ಹೆಸರು ಬರೆದ ಮೊದಲ ಬಿಲ್ಲು, ಇವೆಲ್ಲ ನಮ್ಮ 12ನೇ ಕಾಲಂ. ನಮ್ಮ ಖಜಾಂಚಿ ಹಳೆ ಬಿಲ್ಲುಗಳನ್ನು ನುಸಿಗುಳಿಗೆ ಹಾಕಿ ಟ್ರಂಕಿನಲ್ಲಿ ಇಟ್ಟಿದ್ದರಿಂದ ಆ ವ್ಯಾಪಾರಿ ಬಗ್ಗಿದ್ದು.

ಊರ ಹೆಸರಿನ ಬಗ್ಗೆ ಒಂದು ಮಾತು ಉಳಿಯಿತು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ, ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದು ಟ್ರೇಡ್‌ಮಾರ್ಕ್ ಅಲ್ಲ, ಆ ಸೀಮೆಯ ಬೆಳೆಗಾರರೆಲ್ಲರದು. ಅಲ್ಲಿನ ರೈತ ಅಧಿಕೃತ ಬಳಕೆದಾರ ಅಂತ ತನ್ನ ಹೆಸರು ಸೇರಿಸಿಕೊಳ್ಳಬಹುದು, ಆ ಅರ್ಜಿ ಶುಲ್ಕವನ್ನು 2020ರಲ್ಲಿ 500ರಿಂದ 10 ರೂಪಾಯಿಗೆ ಇಳಿಸಿದ್ದಾರೆ. ಅಂಥ ಸೀಮೆಯವರು ಎರಡನ್ನೂ ಬಳಸಲಿ, ಊರಿನ ಗುರುತು ಎಲ್ಲರ ಜೊತೆ, ಡಬ್ಬಿಯ ಹೆಸರು ತಮ್ಮ ಸಂಘದ್ದು.

ಅರ್ಜಿ ಹಾಕಿ ತಕರಾರು ಎದುರಿಸಿದ ರೈತ ಸಂಘಗಳು ಇದ್ದರೆ ಎಷ್ಟು ತಿಂಗಳು ಹಿಡಿಯಿತು, ಒಟ್ಟು ಎಷ್ಟು ಬಿತ್ತು ಅಂತ ಪತ್ರಿಕೆಗೆ ಬರೆಯಿರಿ. ನಾವು ವಿಚಾರಿಸಿದಾಗ ಒಬ್ಬ ಏಜೆಂಟರು ಸರ್ಕಾರದ ಶುಲ್ಕ ಬಿಟ್ಟು 3,000 ಅಂದರು, ಇನ್ನೊಬ್ಬರು ಅದೇ ಕೆಲಸಕ್ಕೆ 15,000 ಅಂದರು. ಇಷ್ಟು ಅಂತರ ಯಾಕೆ ಅಂತ ನಮಗಂತೂ ಬಗೆಹರಿದಿಲ್ಲ.